ಬೀಗದ ಮನೆಗಳ ಲೆಕ್ಕ

ಬಾಗಿಲು ತಟ್ಟಿದ ಮೇಲೆ ಲೆಕ್ಕದಕ್ಕ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳು. ಮೂಗಿಗೆ ಮೂಗು ತಾಗುವಂತೆ ನಿಂತರೆ ಬಾಗಿಲು ತೆರೆದವರ ಬಾಯಿಂದ ಮೊದಲು ಬರುವ ಮಾತು 'ಬೇಡ' ಎಂಬುದೇ ಎನ್ನುವುದು ಅವಳ ಅನುಭವ. ಹಿಂದೆ ಸರಿದ ಆ ಒಂದು ಗಳಿಗೆಯಲ್ಲಿ ತುಟಿ ಅಲುಗದ ಹಾಗೆ ಅವಳದೊಂದು ಪ್ರಾರ್ಥನೆ ನಡೆಯುತ್ತಿತ್ತು. ದೇವರೇ, ಈ ಮನೆಯವರ ಹೊತ್ತು ನನ್ನಿಂದ ಹಾಳಾಗದಿರಲಿ, ಅವರು ಹೇಳಿದ್ದು ನನ್ನ ಕಿವಿಗೆ ಸರಿಯಾಗಿ ಬೀಳಲಿ. ಅಷ್ಟೇ. ಇದರಾಚೆಗೆ ಅವಳು ದೇವರನ್ನು ಹೆಚ್ಚು ಕಾಡಿದವಳಲ್ಲ.

ಅವಳದು ಕೃಷಿ ಸಮೀಕ್ಷೆಯ ಕೆಲಸ. ಕಚೇರಿಯವರು ವರ್ಷಕ್ಕೊಮ್ಮೆ ಸುತ್ತಲಿನ ಹಳ್ಳಿಗಳಿಂದ ಕೆಲವು ಮನೆಗಳನ್ನು ಆರಿಸಿ ಕೊಡುತ್ತಿದ್ದರು. ಎಷ್ಟು ಜಮೀನು, ಏನು ಬೆಳೆ, ಹಸು ಎಷ್ಟು, ಮೇಕೆ ಎಷ್ಟು, ಕೋಳಿ ಎಷ್ಟು ಎಂದು ಕೇಳಿ ಬರೆದುಕೊಂಡು ಬರಬೇಕು. ಕೇಳಲು ಸುಲಭ. ಆದರೆ ಕೇಳಿದ ಕೂಡಲೇ ಜನರ ಮುಖದಲ್ಲಿ ತೆರಿಗೆಯವರು ಬಂದರೇನೋ ಎನ್ನುವ ಗಾಬರಿ ಮೂಡುತ್ತಿತ್ತು. ಲೆಕ್ಕದಕ್ಕ ಅದಕ್ಕೆಲ್ಲ ವಾದ ಮಾಡುತ್ತಿರಲಿಲ್ಲ. ಕೊಟ್ಟ ಕಡೆ ಕೂರುತ್ತಿದ್ದಳು, ಕೊಟ್ಟ ನೀರು ಕುಡಿಯುತ್ತಿದ್ದಳು, ಹೇಳಿದ್ದನ್ನೆಲ್ಲ ಕೇಳುತ್ತಿದ್ದಳು. ಸೊಂಟನೋವಿನಿಂದ ಶುರುವಾದ ಮಾತು ಸೊಸೆಯ ತವರುಮನೆಯನ್ನು ಒಂದು ಸುತ್ತು ಹಾಕಿಕೊಂಡು ತಾನಾಗಿ ಹಸುವಿನ ಹತ್ತಿರ ಬರುವವರೆಗೂ ಅವಳ ಪೆನ್ನು ಸುಮ್ಮನೆ ಕಾಯುತ್ತಿತ್ತು.

"ಊರಿನವರೆಲ್ಲ ನಿನ್ನ ಹತ್ರ ಬಾಯಿ ಬಿಡ್ತಾರೆ, ಸರಿ. ನಾನು ಮಾತಾಡಿದ್ರೆ ಮಾತ್ರ ನಿನಗೆ ಕಿವಿ ಕೇಳಲ್ಲ," ಎಂದು ಅವಳ ಅತ್ತೆ ಆಗಾಗ ಚುಚ್ಚುತ್ತಿದ್ದರು.

"ನಿಮ್ಮದು ಕೇಳಿ ಕೇಳಿ ಬಾಯಿಪಾಠ ಆಗಿದೆ ಅತ್ತೆ. ಮೊದಲ ಮಾತು ಬಂದ್ರೆ ಸಾಕು, ಉಳಿದಿದ್ದು ನಾನೇ ಹೇಳ್ತೀನಿ."

ಅತ್ತೆ ಮುಖ ತಿರುಗಿಸಿಕೊಂಡು ನಗುತ್ತಿದ್ದರು.

ಅವಳ ಗಂಡ ಬಸ್ ಡ್ರೈವರ್. ಪಟ್ಟಣದಿಂದ ಹೊರಟು ಹಳ್ಳಿಗಳ ನಡುವಿನ ಕೂಡುರಸ್ತೆ ಮುಟ್ಟಿ ಹಿಂದಿರುಗುವುದು ಅವನ ಬಸ್ಸು. ಅವಳು ಹೋಗುತ್ತಿದ್ದುದೂ ಅದೇ ಬಸ್ಸಿನಲ್ಲಿ, ಡ್ರೈವರಿನ ಹಿಂದಿನ ಸೀಟಿನಲ್ಲಿ. ಮನೆಯಲ್ಲಿ ಮುಗಿಯದೆ ಉಳಿದ ಮಾತನ್ನು ಇಬ್ಬರೂ ದಾರಿಯಲ್ಲಿ ಮುಗಿಸಿಕೊಳ್ಳುತ್ತಿದ್ದರು. ಬಸ್ಸು ಕೂಡುರಸ್ತೆ ಮುಟ್ಟುವಾಗ ಬಿಸಿಲು ಏರಿರುತ್ತಿತ್ತು. ಅಲ್ಲಿಂದ ನಡೆದು ಹಳ್ಳಿ ಸೇರುವಾಗ ಮಧ್ಯಾಹ್ನ. ಕೆಲಸಕ್ಕೆ ಸೇರಿದ ದಿನದಿಂದಲೂ ಅವಳ ಹೊತ್ತು ಅದೇ. ಅವಳಿಗಿಂತ ಮುಂಚೆ ಈ ಕೆಲಸ ಮಾಡುತ್ತಿದ್ದವರು ಹಳ್ಳಿಯ ಒಬ್ಬ ಮೇಷ್ಟ್ರು. ಅವರು ಸೈಕಲ್ ಹತ್ತಿ, ಶಾಲೆಯ ಗಂಟೆ ಹೊಡೆಯುವ ಮೊದಲೇ ಮನೆಮನೆ ಸುತ್ತಿ ಮುಗಿಸುತ್ತಿದ್ದರಂತೆ. ಆ ಹೊತ್ತಿಗೂ ಈ ಹೊತ್ತಿಗೂ ಇರುವ ವ್ಯತ್ಯಾಸ ಏನೆಂದು ಅವಳು ಯೋಚಿಸಿದವಳೇ ಅಲ್ಲ. ಮಧ್ಯಾಹ್ನ ಮನೆಯಲ್ಲಿ ಸಿಗುವವರಿಗೆ ಪುರುಸೊತ್ತು ಇರುತ್ತಿತ್ತು, ಮಾತಿಗೆ ಜನ ಬೇಕಾಗಿತ್ತು. ಅವಳಿಗೂ ಅಂಥವರೇ ಇಷ್ಟ. ಬೀಗ ಹಾಕಿದ ಮನೆಗೆ ಕಚೇರಿಯ ನಿಯಮದಂತೆ ಅದೇ ಹೊತ್ತಿಗೆ ಮತ್ತೆ ಮತ್ತೆ ಹೋಗಿ ನೋಡುತ್ತಿದ್ದಳು. ಆಗಲೂ ಬೀಗ ಇದ್ದರೆ 'ಉತ್ತರ ಸಿಗಲಿಲ್ಲ' ಎಂಬ ಕಡೆ ಗೀಟು ಎಳೆದು ಮುಂದೆ ನಡೆಯುತ್ತಿದ್ದಳು.

ಒಂದು ದಿನ ಆ ಬಸ್ಸಿಗೆ ದನದ ಡಾಕ್ಟರು ಹತ್ತಿದರು. ಕೂಡುರಸ್ತೆಯಲ್ಲಿ ಎರಡು ಕೋಣೆಯ ದನದ ಆಸ್ಪತ್ರೆ ಇತ್ತು. ಸುತ್ತಲಿನ ಹಳ್ಳಿಗಳಿಗೆಲ್ಲ ಅದೊಂದೇ. ಡಾಕ್ಟರು ಸೀಟಿನಲ್ಲಿ ದೊಪ್ಪನೆ ಕೂತು, ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು, "ನೋಡಿದ್ರಾ ಲೆಕ್ಕದಕ್ಕ, ನನ್ನನ್ನ ಎತ್ತಂಗಡಿ ಮಾಡ್ತಾರಂತೆ," ಎಂದರು.

"ನೀವೇನು ತಪ್ಪು ಮಾಡಿದ್ರಿ ಸಾರ್?"

"ನನ್ನನ್ನಲ್ಲಮ್ಮ, ಆಸ್ಪತ್ರೆನೇ. ಈ ಕಡೆ ದನ ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಿದೆಯಂತೆ. ಹಾಗಾಗಿ ದೂರದ ಇನ್ನೊಂದು ಊರಿಗೆ ಸಾಗಿಸ್ತಾರಂತೆ. ದನ ಕಡಿಮೆ ಆಗಿದ್ರೆ ದಿನಾ ನನ್ನನ್ನ ಒದೆಯೋರು ಯಾರು, ಹೇಳಿ!" ಅವರು ಪ್ಯಾಂಟನ್ನು ಮೊಣಕಾಲಿನವರೆಗೆ ಸರಿಸಿ ಹೊಸ ನೀಲಿ ಗುರುತೊಂದನ್ನು ಸಾಕ್ಷಿಗೆ ತೋರಿಸಿದರು. "ಯಾವ ಲೆಕ್ಕ ನೋಡಿ ಹೇಳ್ತೀರಿ ಅಂತ ಕೇಳಿದೆ. ಕೃಷಿ ಸಮೀಕ್ಷೆ ಅಂದ್ರು. ಈ ಸಲದ್ದೂ ಕಡಿಮೆ ಬಂದ್ರೆ ಆಸ್ಪತ್ರೆ ಹೊರಟ ಹಾಗೇ."

ಕನ್ನಡಿಯಲ್ಲಿ ಲೆಕ್ಕದಕ್ಕನ ಮುಖ ಕಂಡ ಗಂಡ ಗೇರು ಬದಲಿಸುವುದನ್ನೂ ಮರೆತ. ಈ ಕಡೆಯ ಸಮೀಕ್ಷೆ ಎಂದರೆ ಅವಳೇ. ದನ ಕಡಿಮೆಯಾಗುತ್ತಾ ಬಂದದ್ದು ಮೇಷ್ಟ್ರು ಬಿಟ್ಟು ಅವಳು ಸೇರಿದ ಮೇಲೆ.

ಅವಳು ಅಂದು ಹಳ್ಳಿಗೆ ಹೋಗಲಿಲ್ಲ. ಅದೇ ಬಸ್ಸಿನಲ್ಲಿ ಹಿಂದಿರುಗಿ ನೇರವಾಗಿ ಕಚೇರಿಗೆ ಹೋದಳು. ಅಲ್ಲಿನ ಸೂಪರ್‌ವೈಸರ್ ಅವಳಿಗಿಂತ ಚಿಕ್ಕವನು. ಓದಿಕೊಂಡವನು, ಒಳ್ಳೆಯವನು, ಆದರೆ ಊಟದ ಡಬ್ಬಿಯನ್ನು ಎಲ್ಲಿಟ್ಟೆ ಎಂದು ದಿನವೂ ಹುಡುಕುವವನು.

"ಸಾರ್, ನಾನು ಗೀಟು ಎಳೆದ ಮನೆಗಳನ್ನ ನೀವು ಏನು ಮಾಡ್ತೀರ?" ಎಂದು ಕೇಳಿದಳು.

"ಖಾಲಿ ಬಿಡೋ ಹಾಗಿಲ್ಲ ಅಕ್ಕ. ಅದೇ ಬೀದೀಲಿ ಉತ್ತರ ಕೊಟ್ಟ ಹತ್ತಿರದ ಮನೆ ಯಾವುದಿದೆ ನೋಡ್ತೀವಿ. ಅವರ ಲೆಕ್ಕವನ್ನೇ ಇವರಿಗೂ ಹಾಕ್ತೀವಿ. ಒಂದೇ ಬೀದಿ, ಒಂದೇ ನೀರು, ಒಂದೇ ಮಣ್ಣು. ಹೆಚ್ಚುಕಡಿಮೆ ಹೊಂದುತ್ತೆ."

"ಹೊಂದದೇ ಇದ್ರೆ?"

ಅವನು ಡಬ್ಬಿ ಹುಡುಕುವುದನ್ನು ನಿಲ್ಲಿಸಿದ. "ಯಾಕೆ ಹಾಗೆ ಕೇಳ್ತೀರಿ?"

ಅವಳು ಡಾಕ್ಟರ ಮೊಣಕಾಲಿನ ಕಥೆ ಹೇಳಿದಳು. ಸೂಪರ್‌ವೈಸರ್ ನಗಲಿಲ್ಲ. ಹಳೆಯ ವರ್ಷಗಳ ಲೆಕ್ಕವನ್ನೆಲ್ಲ ಕಂಪ್ಯೂಟರಿನಲ್ಲಿ ತೆರೆದು ಬಹಳ ಹೊತ್ತು ನೋಡಿದ. "ಮೇಷ್ಟ್ರ ಕಾಲದಲ್ಲಿ ಬೀಗದ ಮನೆ ಅಲ್ಲೊಂದು ಇಲ್ಲೊಂದು. ಈಗ ಬೀದಿಗೆ ಅರ್ಧ ಬೀಗ. ಇದನ್ನ ನಾನು ಮೊದಲೇ ಕೇಳಬೇಕಿತ್ತು ಅಕ್ಕ. ತಪ್ಪು ನಿಮ್ಮದೊಬ್ಬರದ್ದಲ್ಲ," ಎಂದ. ಆಮೇಲೆ ದಾರಿಯನ್ನೂ ಅವನೇ ಹೇಳಿದ. ಬೀಗದ ಮನೆಗಳನ್ನೆಲ್ಲ ಹಿಡಿಯುವುದು ಇಬ್ಬರಿಂದ ಆಗುವ ಮಾತಲ್ಲ. ಅವುಗಳ ಹೆಸರು ಬರೆದು ಚೀಟಿ ಎತ್ತುವುದು. ಚೀಟಿ ಬಂದ ಮನೆಗಳು ಉಳಿದ ಬೀಗದ ಮನೆಗಳೆಲ್ಲದರ ಪರವಾಗಿ ಮಾತಾಡುತ್ತವೆ. "ಆದ್ರೆ ಒಂದು ಕಟ್ಟುನಿಟ್ಟು. ಚೀಟಿ ಬಂದ ಮನೆಯನ್ನ ಕಷ್ಟ ಅಂತ ಬಿಡೋ ಹಾಗಿಲ್ಲ. ಬಾರದ ಮನೆಯನ್ನ ಸುಲಭ ಅಂತ ಸೇರಿಸೋ ಹಾಗೂ ಇಲ್ಲ."

ಚೀಟಿ ಎತ್ತುವುದು ಲೆಕ್ಕದಕ್ಕನ ಮನಸ್ಸಿಗೆ ಒಪ್ಪಿತು. ಸೂಪರ್‌ವೈಸರ್ ತನ್ನ ಊಟದ ಡಬ್ಬಿಯನ್ನೇ ತೊಳೆದು ಒರೆಸಿ ಚೀಟಿ ತುಂಬಿ ಮುಂದೆ ಹಿಡಿದ. ಅವಳು ಕಣ್ಣು ಮುಚ್ಚಿದಳು. ದನ ಹೆಚ್ಚು ಇರುವ ಮನೆ ಬರಲಿ ಎಂಬ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಒಳಗೇ ನುಂಗಿಕೊಂಡು, ದೇವರೇ, ಬರಬೇಕಾದ್ದು ಬರಲಿ ಎಂದಳು. ಮೊದಲ ಚೀಟಿ ಬಿಚ್ಚಿದ ಸೂಪರ್‌ವೈಸರ್ ತಲೆ ಚಚ್ಚಿಕೊಂಡ.

"ಬೇಲಿ ಯಜಮಾನ!"

ಬೇಲಿ ಯಜಮಾನನನ್ನು ಅರಿಯದವರು ಆ ಸುತ್ತಿನಲ್ಲಿ ಇರಲಿಲ್ಲ. ವರ್ಷವಿಡೀ ತನ್ನ ಜಮೀನಿನ ಬೇಲಿಯನ್ನು ಬಿಗಿ ಮಾಡುವುದೇ ಅವನ ಕಸುಬು. ಬೇಲಿಯ ಆಚೆಗಿರುವುದು ಅವನ ಷಡ್ಡಕನ ಮನೆ. ಅಕ್ಕನನ್ನು ಇವನು ಮದುವೆಯಾಗಿದ್ದ, ತಂಗಿಯನ್ನು ಅವನು. ಆ ಷಡ್ಡಕನನ್ನು ಊರವರು ಹರಟೆ ಮಾವ ಎನ್ನುತ್ತಿದ್ದರು. ಲೆಕ್ಕದಕ್ಕ ತಪ್ಪದೆ ಕೂತು ಮಾತು ಕೇಳುತ್ತಿದ್ದ ಮನೆಗಳಲ್ಲಿ ಅವನದೇ ಮೊದಲು. ಎಂದೋ ಬೇಲಿಯ ಒಂದು ಕಂಬ ಒಂದು ಗೇಣು ಆಚೀಚೆ ಆಯಿತೆಂದು ಗಂಡಸರಿಬ್ಬರಿಗೂ ಮಾತು ನಿಂತಿತ್ತು. ಹೆಂಗಸರು ಮಾತ್ರ ಅದೇ ಬೇಲಿಗೆ ಒರಗಿಕೊಂಡು ದಿನಾ ಮಾತಾಡುತ್ತಿದ್ದರು. ಸಮೀಕ್ಷೆಯ ವಿಷಯದಲ್ಲಿ ಬೇಲಿ ಯಜಮಾನನದು ಬೀಗವೂ ಅಲ್ಲ. ಅವನು ಒಳಗಿನಿಂದಲೇ ಬೈದು ಕಳಿಸುವವನು, ಹಾಗಾಗಿ ಅವನ ಹೆಸರೂ 'ಉತ್ತರ ಸಿಗಲಿಲ್ಲ' ಎಂಬ ಗೀಟಿನಲ್ಲೇ ಸೇರಿತ್ತು.

ಮಧ್ಯಾಹ್ನ ಬೇಡ, ಮೇಷ್ಟ್ರ ಹೊತ್ತಿಗೇ ಹೋಗೋಣ ಎಂದಳು ಲೆಕ್ಕದಕ್ಕ. ಸೂಪರ್‌ವೈಸರ್ ತನ್ನ ಸ್ಕೂಟರ್ ತಂದ. ಬೆಳಕು ಹರಿಯುವ ಮುಂಚೆ ಅವಳು ಹೊರಟದ್ದನ್ನು ಕಂಡು ಗಂಡ, "ನನ್ನ ಬಸ್ಸಿಗೆ ಇದ್ದ ಒಬ್ಬಳು ಖಾಯಂ ಗಿರಾಕಿನೂ ಹೋದಳು," ಎಂದು ಹಾಸಿಗೆಯಿಂದಲೇ ಗೊಣಗಿದ.

ಹಳ್ಳಿಯ ಬೀದಿ ತಿರುಗಿದಾಗ ಅವಳಿಗೆ ತಾನು ಬೇರೆಲ್ಲೋ ಬಂದೆನೇನೋ ಅನಿಸಿತು. ಮಧ್ಯಾಹ್ನ ಬಿಕೋ ಎನ್ನುತ್ತಿದ್ದ ಬೀದಿ ಈಗ ಗಿಜಿಗುಡುತ್ತಿತ್ತು. ಬೀಗದ ಮನೆಗಳ ಬಾಗಿಲೆಲ್ಲ ಹಾರು ಹೊಡೆದಿದ್ದವು. ಕೊಟ್ಟಿಗೆಗಳಲ್ಲಿ ದೀಪ, ಬಕೆಟ್ಟಿನ ತಳಕ್ಕೆ ಹಾಲು ಬೀಳುವ ಸೊರಸೊರ ಸದ್ದು, ಸಗಣಿ ಬಾಚುವ ಸಲಿಕೆಯ ಸದ್ದು, ಹುಲ್ಲಿನ ಹೊರೆ ಹೊತ್ತು ಅತ್ತಿಂದಿತ್ತ ಓಡುವವರು. ದನ ಇರುವವರು ಇವರೇ. ಹಾಲು ಕರೆದು, ಮಾರಿ, ದನ ಹೊಡೆದುಕೊಂಡು ಮೇಯಿಸಲು ಹೋದರೆ ಇವರು ಮನೆ ಸೇರುವುದು ಸಂಜೆಗೆ. ಮಧ್ಯಾಹ್ನ ನೆರಳಲ್ಲಿ ಕೂತು ಅವಳೊಡನೆ ಹರಟುತ್ತಿದ್ದವರು ದನ ಮಾರಿ ಕೈ ತೊಳೆದುಕೊಂಡವರು. ಅವಳು ಬೀದಿಯ ಮಧ್ಯದಲ್ಲೇ ನಿಂತುಬಿಟ್ಟಳು. ಇಷ್ಟು ವರ್ಷ ಪುರುಸೊತ್ತು ಇದ್ದವರ ಮಾತನ್ನಷ್ಟೇ ಕೇಳಿ ಊರಿನ ಮಾತು ಕೇಳಿದೆ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ನಾಚಿಕೊಂಡು ನಿಲ್ಲಲು ಹೊತ್ತಿರಲಿಲ್ಲ. ಚೀಟಿ ಬಂದ ಮನೆಗಳಿಗೆ ನುಗ್ಗಿದರು. ಇಲ್ಲಿ ಕೂತು ಕೇಳುವ ಹಾಗಿರಲಿಲ್ಲ, ಕೆಲಸದ ಜೊತೆಜೊತೆಗೆ ಕೇಳಬೇಕಿತ್ತು. ಲೆಕ್ಕದಕ್ಕ ಹುಲ್ಲು ಎಳೆದು ಹಾಕುತ್ತಾ ಕೇಳಿದಳು. ಸೂಪರ್‌ವೈಸರಿಗೆ ಒಬ್ಬಾಕೆ ಕರುವಿನ ಹಗ್ಗ ಕೊಟ್ಟು, "ಹಿಡ್ಕೊಳ್ಳಪ್ಪ, ಬಿಟ್ಟೀಯ ಜೋಕೆ," ಎಂದಳು. ಲೆಕ್ಕ ಮುಗಿಯುವ ಹೊತ್ತಿಗೆ ಕರು ಅವನ ಅಂಗಿಯ ತುದಿಯನ್ನು ಚೀಪಿ ಚೀಪಿ ಮುದ್ದೆ ಮಾಡಿತ್ತು. ಎಲ್ಲ ಬೀಗದ ಹಿಂದೆಯೂ ದನ ಇತ್ತೆಂದಲ್ಲ. ಒಂದು ಮನೆಯವರು ಬೇಸಾಯವನ್ನೇ ಬಿಟ್ಟು ಗ್ಯಾರೇಜಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿ ಲೆಕ್ಕದಕ್ಕ ಸೊನ್ನೆ ಬರೆದಳು. ಬರೆಯುವಾಗ ಕೈ ಸ್ವಲ್ಪ ಭಾರವಾಯಿತು, ಆದರೆ ಬರೆದಳು.

ಕೊನೆಗೆ ಬೇಲಿ ಯಜಮಾನನ ಮನೆ. ಅವನು ಅಂಗಳದಲ್ಲಿ ಕಂಬಕ್ಕೆ ತಂತಿ ಸುತ್ತುತ್ತಿದ್ದ.

"ಮಧ್ಯಾಹ್ನ ಬರ್ತಿದ್ದೋಳು ನೀನೇ ಅಲ್ವಾ? ಈಗ ಬೆಳಗ್ಗೆನೂ ಶುರು ಮಾಡಿದ್ಯಾ?"

"ಮಧ್ಯಾಹ್ನ ಬಾಗಿಲ ಹಿಂದಿಂದ ಬೈತಿದ್ರಿ ಯಜಮಾನ್ರೆ. ಮುಖ ನೋಡ್ಕೊಂಡು ಬೈಸ್ಕೊಳ್ಳೋಣ ಅಂತ ಬಂದೆ."

ಕೊಟ್ಟಿಗೆಯೊಳಗೆ ಹಾಲು ಕರೆಯುತ್ತಿದ್ದ ಅವನ ಹೆಂಡತಿ ಕಿಸಕ್ಕನೆ ನಕ್ಕಳು. ಬೇಲಿ ಯಜಮಾನ ಆ ಕಡೆ ಒಮ್ಮೆ ಗುರಾಯಿಸಿ, "ನನ್ನ ದನ, ನನ್ನ ಹುಲ್ಲು. ನಾನು ಯಾರಿಗೂ ಲೆಕ್ಕ ಕೊಡಲ್ಲ," ಎಂದ.

"ಬಲವಂತ ಏನಿಲ್ಲ."

ಅವನಿಗೆ ಸಪ್ಪೆಯಾಯಿತು. ಜಗಳಕ್ಕೆ ತೋಳೇರಿಸಿದವನ ಎದುರು ಯಾರೂ ನಿಲ್ಲದಿದ್ದರೆ ಹೇಗೋ ಹಾಗೆ. "ಅಂದ್ರೆ? ನಾನು ಹೇಳದಿದ್ರೆ ನನ್ನ ಮನೇನ ಖಾಲಿ ಬಿಡ್ತೀರಾ?"

ಹೌದು ಎಂದುಬಿಡಬಹುದಿತ್ತು. ಆದರೆ ಕೇಳಿದವನಿಗೆ ಇದ್ದದ್ದನ್ನು ಹೇಳಬೇಕು ಎನ್ನುವುದು ಅವಳ ಸ್ವಭಾವ. "ಖಾಲಿ ಬಿಡಲ್ಲ ಅಣ್ಣ. ಈ ಬೀದೀಲಿ ಉತ್ತರ ಕೊಟ್ಟ ಹತ್ತಿರದ ಮನೆಯವರದು ಹೇಗಿದೆಯೋ ನಿಮ್ಮದೂ ಹಾಗೇ ಅಂತ ಹಾಕ್ಕೋತಾರೆ."

ಬೇಲಿ ಯಜಮಾನ ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ. ಕೊನೆಗೆ ಅವನ ಕಣ್ಣು ಬೇಲಿಯ ಮೇಲೆ ಬಂದು ನಿಂತಿತು. ಕೈಯಲ್ಲಿದ್ದ ತಂತಿ ಜಾರಿ ಬಿತ್ತು.

"ಅಂದ್ರೆ ಇಷ್ಟು ವರ್ಷ ನನ್ನನ್ನ... ಅವನ ಹಾಗೆ ಬರ್ದಿದ್ದೀರಾ?"

"ಯಾರು ಏನು ಬರೆಸಿದ್ದಾರೆ ಅಂತ ನಾನು ಹೇಳೋ ಹಾಗಿಲ್ಲ."

"ನೀನು ಹೇಳೋದೇನು ಬಂತು! ನನಗೆ ಕಣ್ಣಿಲ್ವಾ? ಅವನ ಹತ್ರ ಇರೋದು ಒಂದು ಕುಂಟು ಮೇಕೆ. ಅದೂ ಅವನ ಮಾತು ಕೇಳಲ್ಲ!" ಅವನ ಮುಖ ಕೆಂಪೇರಿತ್ತು. "ಕೊಟ್ಟಿಗೆ ತುಂಬ ದನ ಕಟ್ಟಿರೋ ನಾನು ಸರ್ಕಾರದ ಲೆಕ್ಕದಲ್ಲಿ ಕುಂಟು ಮೇಕೆಯವನಾ? ಬಾಮ್ಮ ಇಲ್ಲಿ. ಪೆನ್ನು ತೆಗಿ. ಬರ್ಕೋ!"

ಗದ್ದಲ ಕೇಳಿ ಬೇಲಿಯ ಆಚೆ ಹರಟೆ ಮಾವನ ತಲೆ ಕಾಣಿಸಿತು. ಯಜಮಾನನ ಹೆಂಡತಿ ಬೇಲಿಗೆ ಬಂದು ತಂಗಿಗೆ ಆಗಲೇ ವಿಷಯ ದಾಟಿಸಿಯಾಗಿತ್ತು.

"ಏನು ಷಡ್ಡಕ, ನಿನ್ನನ್ನ ನನ್ನ ಹಾಗೆ ಬರ್ದಿದ್ರಂತೆ?" ಎಂದ ಅವನು. ಎಷ್ಟೋ ವರ್ಷದ ಮೇಲೆ ಅವರ ನಡುವೆ ಹೊರಟ ಮೊದಲ ಮಾತು ಅದು.

"ಹೂಂ! ನನ್ನ ಮಾನ ಕಳೆದ್ರು!"

"ಕಳೆದದ್ದು ಎಲ್ಲಿ ಬಂತು? ಆ ಕಾಗದದಲ್ಲಿ ಆದ್ರೂ ಒಳ್ಳೆ ಮನುಷ್ಯ ಆಗಿದ್ದೆ ಅನ್ನು!"

ಹೆಂಗಸರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇಲಿ ಯಜಮಾನನ ಮೀಸೆಯೂ ಒಂದಿಷ್ಟು ಅಲುಗಿತು, ಆದರೆ ಸೋಲಲಿಲ್ಲ. ಅವನು ಲೆಕ್ಕದಕ್ಕನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಒಂದೊಂದೇ ಹಸುವಿನ ಬೆನ್ನು ತಟ್ಟಿ ತೋರಿಸಿದ. ಷಡ್ಡಕ ಬೇಲಿಯ ಆಚೆಯಿಂದ ಗಟ್ಟಿಯಾಗಿ ಎಣಿಸುತ್ತಿದ್ದ. ಈ ಸಾಲು ಮುಗಿದ ಮೇಲೂ ಯಜಮಾನನ ಕೈ ನಿಲ್ಲಲಿಲ್ಲ. ಹಿಂದಿನ ಚಪ್ಪರದ ಕಡೆ ಬೆರಳು ಮಾಡಿ, "ಅವನ್ನೂ ಸೇರಿಸು," ಎಂದ.

"ಅವು ಯಾರದ್ದು ಅಣ್ಣ?"

"ನನ್ನ ತಮ್ಮಂದು. ನಂದೇ ಅಂದ್ಕೋ. ಅವನದ್ದು ನಂದು ಬೇರೆನಾ?"

ಲೆಕ್ಕದಕ್ಕನ ಪೆನ್ನು ಕಾಗದದ ಮೇಲೆ ನಿಂತಿತು. ಚಪ್ಪರದಡಿ ದಷ್ಟಪುಷ್ಟವಾದ ಹಸುಗಳು ಸಾಲಾಗಿ ನಿಂತು ಮೆಲುಕು ಹಾಕುತ್ತಿದ್ದವು. ಬರೆದುಕೊಂಡರೆ ಲೆಕ್ಕ ಮೇಲೇರುತ್ತದೆ. ಈ ಮನೆ ಉಳಿದ ಮನೆಗಳ ಪರವಾಗಿಯೂ ಮಾತಾಡುವ ಮನೆ, ಆದ್ದರಿಂದ ಇನ್ನೂ ಮೇಲೇರುತ್ತದೆ. ಕೂಡುರಸ್ತೆಯ ಎರಡು ಕೋಣೆ ಅವಳ ಕಣ್ಣ ಮುಂದೆ ಬಂತು. ಹೇಳಿದವನು ಯಜಮಾನನೇ. ಕೇಳುವವರು ಯಾರು?

"ತಮ್ಮನ ಮನೆ ಬೇರೆ ಇದೆಯಾ ಅಣ್ಣ?"

"ಇದೆ. ಆ ಬೀದೀಲಿ."

"ಹಾಗಾದ್ರೆ ಅವು ಅವರ ಮನೆಯ ಲೆಕ್ಕ. ಅವರ ಚೀಟಿ ಬಂದಿದ್ರೆ ಅಲ್ಲಿ ಬರ್ಕೋತಿದ್ದೆ. ನಿಮ್ಮದು ನಿಮ್ಮದಷ್ಟೇ. ಕಡಿಮೆನೂ ಬೇಡ, ಹೆಚ್ಚೂ ಬೇಡ."

"ಹೆಚ್ಚಿಗೆ ಬರೆಸಿದ್ರೆ ನಿನಗೇನಮ್ಮ ಕಷ್ಟ?"

"ಒಂದು ಸಲ ಇಲ್ಲದ್ದನ್ನ ಬರೆದ್ರೆ ಇದ್ದದ್ದನ್ನೂ ಯಾರೂ ನಂಬಲ್ಲ ಅಣ್ಣ."

ಬೇಲಿಯ ಆಚೆಯಿಂದ ಹರಟೆ ಮಾವ, "ನೋಡು, ತಮ್ಮನ ದನ ಕದಿಯೋಕೆ ಹೊರಟಿದ್ದ!" ಎಂದು ಕೂಗಿದ. ಯಜಮಾನ ಬೈಯಲು ಬಾಯಿ ತೆರೆದು, ಕೊನೆಗೆ ತಾನೇ ನಕ್ಕುಬಿಟ್ಟ.

ಆ ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹಾಲಿನ ಕ್ಯಾನುಗಳ ಜೊತೆಗೇ ಹೋಯಿತು. ಬಾಯಿ ಬಿಡದಿದ್ದರೆ ಪಕ್ಕದ ಮನೆಯವನ ಹಾಗೆ ಬರೆದುಬಿಡುತ್ತಾರಂತೆ! ಪಕ್ಕದ ಮನೆಯವರ ಹಾಗೆ ಕಾಣಿಸಿಕೊಳ್ಳಲು ಯಾರಿಗೆ ತಾನೇ ಇಷ್ಟ? ಚೀಟಿ ಬಂದ ಮನೆಯವರು ಹೋದ ಕೂಡಲೇ ಬಾಗಿಲು ತೆರೆದರು. ಚೀಟಿ ಬಾರದವರೂ ದಾರಿಗೆ ಅಡ್ಡ ಬಂದು ನಿಂತು, "ನಮ್ಮದೂ ಬರ್ಕೊಳ್ಳಿ, ನಮ್ಮನ್ನ ಆ ಮೂಲೆ ಮನೆಯವರ ಹಾಗೆ ಮಾಡಿಬಿಟ್ಟೀರ," ಎಂದು ದುಂಬಾಲು ಬಿದ್ದರು. ಜನ ಉತ್ತರ ಕೊಡುವುದಿಲ್ಲವೆಂದು ಕೊರಗುತ್ತಿದ್ದವಳು ಈಗ ಉತ್ತರ ಬೇಡವೆಂದು ಕೈಮುಗಿಯುವ ಹಾಗಾಯಿತು. "ಚೀಟಿ ಬಂದಿಲ್ಲಮ್ಮ, ಬರೆಯೋ ಹಾಗಿಲ್ಲ. ನೀವು ಹೇಳೋದನ್ನ ಕೇಳಿಸ್ಕೋತೀನಿ, ಬೇಕಾದ್ರೆ," ಎನ್ನುತ್ತಿದ್ದಳು. ಅವರು ಹೇಳುತ್ತಿದ್ದರು. ಅವಳು ಪೆನ್ನನ್ನು ಬ್ಯಾಗಿಗೆ ಹಾಕಿ ಕೇಳುತ್ತಿದ್ದಳು. ಸೂಪರ್‌ವೈಸರ್ ಸ್ಕೂಟರಿನ ಮೇಲೆ ಕೂತು ಆಕಳಿಸುತ್ತಿದ್ದ.

ಲೆಕ್ಕ ಕಳಿಸಿದ ಮೇಲಿನ ದಿನಗಳು ಅವಳಿಗೆ ಉದ್ದವಾದವು. ಗ್ಯಾರೇಜಿನವರ ಸೊನ್ನೆಯಂಥವು ಇನ್ನೂ ಕೆಲವು ಇದ್ದವು. ಯಜಮಾನನ ತಮ್ಮನ ದನ ಹೊರಗೇ ಉಳಿದಿದ್ದವು. ಕಡಿಮೆ ಬಿದ್ದರೆ? ಬಿದ್ದರೆ ಬೀಳಲಿ, ಇದ್ದದ್ದು ಅಷ್ಟೇ ಎಂದು ಅತ್ತೆಯ ಹತ್ತಿರ ಧೈರ್ಯದಿಂದ ಹೇಳಿದಳು. ಹೇಳಿದವಳು ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿಸಿಬಿಟ್ಟಳು.

"ಧೈರ್ಯ ಎಲ್ಲಾ ಒಲೆಗೆ ಹೋಯ್ತು," ಎಂದರು ಅತ್ತೆ, ಒರೆಸುವ ಬಟ್ಟೆ ಎಸೆದು.

ಆಸ್ಪತ್ರೆಯ ವಿಷಯದ ಆದೇಶ ಬಂದ ಬೆಳಗ್ಗೆ ಸೂಪರ್‌ವೈಸರ್ ಫೋನ್ ಮಾಡಿ ವಿಷಯ ಹೇಳುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿಯಾಗಿತ್ತು. ಕೂಡುರಸ್ತೆಯಲ್ಲಿ ಇಳಿದು ಆಸ್ಪತ್ರೆಗೆ ಓಡಿದಳು. ಡಾಕ್ಟರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸಾಗಿಸಲೆಂದು ಕಟ್ಟಿಟ್ಟಿದ್ದ ರಟ್ಟಿನ ಪೆಟ್ಟಿಗೆಗಳ ಹಗ್ಗವನ್ನು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಿದ್ದರು. ಹುಲ್ಲಿನಲ್ಲಿ ಸುತ್ತಿಟ್ಟ ಔಷಧದ ಸೀಸೆಗಳು ಸುತ್ತಲೂ ಹರಡಿದ್ದವು.

"ಬಂದ್ರಾ? ಕೈ ಹಾಕಿ. ಈ ಸಲದ ಲೆಕ್ಕದಲ್ಲಿ ದನ ಕಡಿಮೆ ಆಗಿಲ್ಲ, ಆಸ್ಪತ್ರೆ ಎಲ್ಲೂ ಹೋಗಲ್ಲವಂತೆ. ಒಬ್ಬ ಸಹಾಯಕನನ್ನೂ ಕೊಡ್ತಾರಂತೆ," ಎಂದರು ಅವರು. "ಅದು ಸರಿ, ಬೇಲಿ ಯಜಮಾನ ಎಷ್ಟು ದನ ಬರೆಸಿದ? ನನಗಾದ್ರೂ ಹೇಳಿ."

ಲೆಕ್ಕದಕ್ಕ ನಕ್ಕು ಆಗಲ್ಲ ಎಂದು ತಲೆಯಾಡಿಸಿದಳು. ಒಂದೊಂದೇ ಸೀಸೆಯ ಹುಲ್ಲು ಬಿಡಿಸಿ, ಸೆರಗಿನಿಂದ ಒರೆಸಿ ಕೊಟ್ಟಳು. ಡಾಕ್ಟರು ಅದನ್ನು ಕಪಾಟಿಗೆ ಸೇರಿಸುತ್ತಾ, ಹೊಸ ಸಹಾಯಕನಿಗೆ ಕೂರಲು ಜಾಗ ಎಲ್ಲಿ ಮಾಡಲಿ, ಈ ಗೋಡೆಗೆ ಸುಣ್ಣ ಯಾವಾಗ ಬಳಿಸಲಿ ಎಂದು ದೂರುತ್ತಲೇ ಇದ್ದರು. ಅವಳು ಕೇಳುತ್ತಲೇ ಇದ್ದಳು, ಒಳಗೊಳಗೇ ದೇವರಿಗೆ ಕೈಮುಗಿಯುತ್ತಾ.

ಹೊರಗೆ ಬಾಗಿಲ ಹತ್ತಿರ ಯಾರದೋ ಹಸು ಅಂಬಾ ಎಂದು ಕೂಗಿತು. ಡಾಕ್ಟರು ಕೈ ಒರೆಸಿಕೊಂಡು ಎದ್ದರು.

"ಬಂದೆ ತಾಯಿ, ಬಂದೆ. ಇನ್ನೆಲ್ಲಿಗೆ ಹೋಗ್ಲಿ ನಾನು!"